ಶೀಟಿಲ್ಲದ ಜಗಲಿ

ಹೊಳೆನರಸೀಪುರದ ನಮ್ಮ ಮನೆಯ ಹಿತ್ತಿಲಿನಲ್ಲಿ ಬಾವಿ ಇತ್ತು, ಬಟ್ಟೆ ಒಗೆಯುವ ಕಲ್ಲಿತ್ತು, ಎರಡು ತೆಂಗಿನಮರವಿತ್ತು, ಮಳೆಗಾಲದಲ್ಲಿ ಪಾದ ಮುಳುಗುವಷ್ಟು ಕೆಸರೂ ಇತ್ತು. ಕೂರುವುದಕ್ಕೆ ಮಾತ್ರ ಜಾಗವಿರಲಿಲ್ಲ. ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ದಿನವಿಡೀ ನಿಂತು ಪಾಠ ಮಾಡಿ, ಬಸ್ಸಿನಲ್ಲೂ ಅರ್ಧ ದಾರಿ ನಿಂತೇ ಬರುತ್ತಿದ್ದ ನನಗೆ, ಸಂಜೆ ಕಾಫಿ ಲೋಟ ಹಿಡಿದು ಗಾಳಿಗೆ ಕಾಲು ಚಾಚಿ ಕೂರಬೇಕೆನ್ನುವುದೇ ದೊಡ್ಡ ಆಸೆಯಾಗಿತ್ತು. ಮನೆಯ ಮುಂದೆ ಜಗಲಿ ಇಲ್ಲವೇ ಎಂದು ಕೇಳಬಹುದು. ಇತ್ತು, ಆದರೆ ಅದು ಗಂಡಸರದ್ದು. ಅಲ್ಲಿ ಕೂತರೆ ಬೀದಿಯಲ್ಲಿ ಹೋಗುವ ಹಿರಿಯರಿಗೆಲ್ಲ ಎದ್ದು ನಿಲ್ಲಬೇಕು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಾಕಿದ್ದ ಚೀಟಿ ಎತ್ತಿದೆ. ಕೈಗೆ ಎಂಟು ಸಾವಿರ ಬಂತು. ಈ ದುಡ್ಡಿನಲ್ಲಿ ಹಿತ್ತಿಲಲ್ಲಿ ಕಲ್ಲಿನ ಜಗಲಿ ಕಟ್ಟಿಸುತ್ತೇನೆ ಎಂದೆ. ಹಾಸನದಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ಯಾವ ವಿಷಯಕ್ಕೂ ಹೇಳುವ ಹಾಗೆ, ಅಮ್ಮನನ್ನು ಒಂದು ಮಾತು ಕೇಳು ಎಂದರು. ಕೇಳಿದೆ. ಕೆಸರಿಗೆ ದುಡ್ಡು ಸುರಿಯುವವರನ್ನು ಈಗಲೇ ನೋಡಿದ್ದು ಎಂದು ಅತ್ತೆ ಮುಖ ತಿರುಗಿಸಿಕೊಂಡರು. ನಾನೇನು ಬಿಡುವವಳೇ? ಮಾರನೆಯ ದಿನವೇ ಗಾರೆ ಕೆಲಸದವರನ್ನು ಕರೆಸಿದೆ.

ಅವರು ಅಳತೆ ಹಿಡಿದು ಲೆಕ್ಕ ಹೇಳಿದರು. ಅಡಿಪಾಯಕ್ಕೆ ಸೈಜುಗಲ್ಲು, ಮರಳು, ಸಿಮೆಂಟು, ಮೇಲೆ ಹಾಸುವುದಕ್ಕೆ ಚಪ್ಪಡಿ, ಆಮೇಲೆ ಕೂಲಿ. ನಯ ಮಾಡಿದ ಚಪ್ಪಡಿ ಬೇಡ, ಒರಟಿನದೇ ಸಾಕು ಎಂದೆ. ಅಗಲದಲ್ಲಿ ಒಂದಡಿ ಕಡಿಮೆ ಮಾಡಿದೆ. ಮೆಟ್ಟಿಲು ಎರಡರ ಬದಲು ಒಂದೇ ಎಂದೆ. ಹೀಗೆ ಎಳೆದಾಡಿ ಎಂಟು ಸಾವಿರದೊಳಗೆ ತಂದು ನಿಲ್ಲಿಸಿದಾಗ, ಪಾಠ ಮುಗಿಸಿ ಹೊರಗೆ ಬಂದಷ್ಟು ಹಗುರವಾಯಿತು.

ಆಗ ಅಡುಗೆಮನೆಯಿಂದ ಅತ್ತೆ ಬಂದರು. ಕಟ್ಟಿಸುವುದೇ ಆದರೆ ಮೇಲೊಂದು ಶೀಟು ಹಾಕಿಸು ಎಂದರು. ಪಕ್ಕದಲ್ಲಿ ಒಂದು ನಲ್ಲಿ ಇರಲಿ, ಬಾವಿಯ ಕಡೆಗೆ ಎದೆಮಟ್ಟದ ಗೋಡೆ ಎಬ್ಬಿಸಲಿ ಎಂದರು. ಖರ್ಚು ಹದಿನಾಲ್ಕು ಸಾವಿರಕ್ಕೆ ಹೋಗುತ್ತೆ ಎಂದೆ. ಮೇಲಿನ ಆರು ಸಾವಿರ ನಾನು ಕೊಡುತ್ತೇನೆ ಎಂದುಬಿಟ್ಟರು. ನಾಲ್ಕಾಣೆ ಸೊಪ್ಪಿಗೆ ಹತ್ತು ನಿಮಿಷ ಚೌಕಾಸಿ ಮಾಡುವ ನಮ್ಮ ಅತ್ತೆ! ಎರಡು ದಿನ ನಾನು ಸ್ಟಾಫ್ ರೂಮಿನಲ್ಲಿ ಅವರನ್ನು ಹೊಗಳಿದ್ದೇ ಹೊಗಳಿದ್ದು.

ಮೂರನೆಯ ದಿನ ಅವರು ಗೋಡೆಯಲ್ಲಿ ಒಂದು ಗೂಡನ್ನೂ ಸೇರಿಸಿದರು.

"ಎಷ್ಟು ದೊಡ್ದು ಬೇಕು ಅಮ್ಮಾವ್ರೇ? ಅಂಗೇ ಬಾಯಲ್ಲೇಳುದ್ರೆ ಗೊತ್ತಾಗಕಿಲ್ಲ" ಎಂದರು ಗಾರೆಯವರು.

"ಒಂದು ತಟ್ಟೆ, ಒಂದು ಲೋಟ ಇಡೋಷ್ಟಿದ್ರೆ ಸಾಕಪ್ಪ. ಕೆಳಗೆ ಒಂದು ಚಾಪೆ ಸುತ್ತಿಡೋ ಹಾಗಿರ್ಲಿ" ಎಂದರು ಅತ್ತೆ.

ತಟ್ಟೆ, ಲೋಟ, ಚಾಪೆ ಎಂದಾಗ ನನಗೆ ಅರ್ಥವಾಯಿತು. ನಮ್ಮ ಮನೆಯಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂರಬೇಕಿತ್ತು. ಬಚ್ಚಲಮನೆಯ ಪಕ್ಕದ ಓಣಿಯಂಥ ಜಾಗದಲ್ಲಿ ನನಗೊಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಆ ದಿನಗಳಲ್ಲಿ ನಾನು ಹತ್ತಿರ ಸುಳಿದರೆ ಅತ್ತೆ ಸೆರಗು ಎಳೆದುಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಊರವರೆಲ್ಲ ಮೈಮೇಲೆ ಬಿದ್ದರೂ ಇಲ್ಲದ ಮೈಲಿಗೆ ನಮ್ಮ ಹೊಸಿಲಿನ ಒಳಗೆ ಮಾತ್ರ ಇತ್ತು. ನನಗೆ ಅದು ಅಭ್ಯಾಸವಾಗಿಹೋಗಿತ್ತು. ಆದರೆ ಮಗಳು ಆಗ ಆರನೇ ಕ್ಲಾಸು. ಶೀಟು, ನಲ್ಲಿ, ಮರೆಗೋಡೆ, ಗೂಡು ಎಲ್ಲವೂ ಅವಳಿಗಾಗಿ ಎಂದು ತಿಳಿದ ಕ್ಷಣ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಗಾರೆಯವರು ಹೋಗುವವರೆಗೆ ಹಲ್ಲು ಕಚ್ಚಿಕೊಂಡಿದ್ದೆ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಶೀಟು, ನಲ್ಲಿ, ಗೋಡೆ, ಗೂಡು ಯಾವುದೂ ಬೇಡ, ಬರಿಯ ಜಗಲಿ ಸಾಕು ಎಂದೆ.

"ಮಳೆ ಬಂದ್ರೆ?" ಎಂದರು ಅತ್ತೆ.

"ಒಳಗೆ ಬರ್ತೀವಿ ಅಮ್ಮ. ನಾನು ಹೇಗೋ ಕಾಲ ಹಾಕಿದೆ. ಅವಳನ್ನ ಹೊರಗೆ ಕೂರಿಸಲ್ಲ."

ಅವರು ಜಗಳಕ್ಕೆ ಬರಲಿಲ್ಲ. ಹೆಚ್ಚುತ್ತಿದ್ದ ಬೀನ್ಸನ್ನು ಪಕ್ಕಕ್ಕಿಟ್ಟು, ನನ್ನ ಕಡೆ ನೋಡದೆ ಮಾತಾಡಿದರು. ಅವರು ಅರಕಲಗೂಡಿನ ಕಡೆಯವರು. ಮೊದಲ ಸಲ ಅವರನ್ನು ಕೂರಿಸಿದ್ದು ದನದ ಕೊಟ್ಟಿಗೆಯ ಸೂರಿನಡಿಯಲ್ಲಂತೆ. ಆಷಾಢದ ಜಡಿಮಳೆ. ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಕೂತವರನ್ನು ಮನೆಯವರು ಯಾರೂ ಬಂದು ವಿಚಾರಿಸಲಿಲ್ಲವಂತೆ. ಮಳೆ ನಿಂತ ಮೇಲೆ ಜ್ವರ ಬಂತಂತೆ.

"ನನಗೆ ಯಾರೂ ಶೀಟು ಹಾಕಿಸಿಕೊಡ್ಲಿಲ್ಲ ಕಣೇ. ಮಗು ನೆನೀಬಾರದು ಅಂತ ಅಂದೆ, ಅಷ್ಟೇ."

ಮೊಮ್ಮಗಳಿಗೆ ಸೆರೆಮನೆ ಕಟ್ಟಿಸುತ್ತಿದ್ದಾರೆ ಎಂದುಕೊಂಡಿದ್ದೆ. ಅವರು ತಮಗೆ ಸಿಗದ ಸುಖವನ್ನು ಅವಳಿಗೆ ಕೊಡಲು ಹೊರಟಿದ್ದರು. ನನಗೆ ಅಳು ಬಂತು, ಸಿಟ್ಟೂ ಹೋಗಲಿಲ್ಲ. ಎರಡನ್ನೂ ಇಟ್ಟುಕೊಂಡೇ, ಆದರೂ ಶೀಟು ಬೇಡ ಎಂದೆ. ಅವರ ಆರು ಸಾವಿರ ಟ್ರಂಕಿಗೆ ವಾಪಸು ಹೋಯಿತು.

ಜಗಲಿ ಎಂಟು ಸಾವಿರದಲ್ಲೇ ಮುಗಿಯಿತು. ನಾನು ಸಂಜೆ ಕಾಲು ಚಾಚಿ ಕೂತರೆ ಒಳಗೆ ಪಾತ್ರೆಗಳು ಬೇಕೆಂದೇ ಸದ್ದು ಮಾಡುತ್ತಿದ್ದವು. ಗಂಡ ಕಾಫಿ ಕುಡಿದು ಎದ್ದುಹೋಗುತ್ತಿದ್ದರು. ಅತ್ತೆ ಆ ಚಪ್ಪಡಿಯ ಮೇಲೆ ಹಪ್ಪಳ ಕೂಡ ಒಣಗಿಸಲಿಲ್ಲ. ನನ್ನ ಮೂರು ದಿನಗಳು ಬಚ್ಚಲಿನ ಪಕ್ಕದಲ್ಲೇ ನಡೆದವು. ನನಗಾಗಿ ಹೊಡೆದಾಡುವ ಶಕ್ತಿ ಇರಲಿಲ್ಲ, ಇದ್ದುದನ್ನೆಲ್ಲ ಮಗಳ ಪಾಲಿಗೆ ಎತ್ತಿಟ್ಟಿದ್ದೆ.

ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ನಾನು ಸ್ಕೂಲಿನಿಂದ ಬಂದು ಮನೆಯೊಳಗೆ ಕಾಲಿಟ್ಟೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಹಿತ್ತಿಲಿಗೆ ಹೋದೆ. ಮಗಳು ಜಗಲಿಯ ಅಂಚಿನಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಹೊರಗೆ ಕೂರು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನನ್ನನ್ನು ನೋಡಿಯೇ ಕಲಿತಿದ್ದಳು. ಅವಳ ಬೆನ್ನ ಹಿಂದೆ ಅತ್ತೆ ಕೂತು ತಲೆ ಬಾಚಿ ಜಡೆ ಹಾಕುತ್ತಿದ್ದರು.

ಹೊಟ್ಟೆನೋವಂತೆ ಮಗುವಿಗೆ, ಕುಡಿಯಲು ನೀರು ಬಿಸಿ ಮಾಡು ಎಂದರು ತಲೆ ಎತ್ತದೆ. ಜಡೆ ಮುಗಿಸಿ ಎದ್ದು, ತಲೆಗೆ ನೀರು ಹಾಕಿಕೊಂಡು ಬಂದು ದೇವರ ದೀಪ ಹಚ್ಚಿದರು. ಆಮೇಲೆ ಒದ್ದೆ ಕೂದಲಲ್ಲೇ ಹಿತ್ತಿಲ ಬಾಗಿಲಿಗೆ ಬಂದು ನಿಂತರು.

"ಕತ್ತಲಾಯ್ತು, ಒಳಗೆ ಬಾ" ಎಂದರು.

ಮಗಳು ಹೆದರಿಕೊಂಡು ನನ್ನ ಮುಖ ನೋಡಿದಳು.

"ಅವಳ ಮುಖ ಏನು ನೋಡ್ತೀಯ? ಕರೀತಿರೋದು ನಾನು."