ಇಂದ್ರಾಣಿಯ ಅಳತೆ ಮತ್ತು ಏಳು ಹೆಸರುಗಳು

ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವುದಕ್ಕೆ ಸ್ವಲ್ಪ ಮೊದಲು, ಕಪಿಲೆಯ ದಡದಲ್ಲಿ ಒಂದು ಅಳತೆಗಂಬವಿದೆ. ದಿನಕ್ಕೆ ಮೂರು ಸಲ ಅದನ್ನು ನೋಡಿ ನೀರಿನ ಮಟ್ಟವನ್ನು ಮೊಬೈಲಿನಲ್ಲಿ ಕಳಿಸುವುದು ಇಂದ್ರಾಣಿಯ ಕೆಲಸ. ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವಳಲ್ಲ. ಅವಳಿಗೂ ಮುಂಚೆ ಅದೇ ಕಂಬ ಓದುತ್ತಿದ್ದವರು ಅಪ್ಪ ದೊಡ್ಡಮಾದಯ್ಯ.

ಅಂಥವಳಿಗೆ ಒಂದು ಆಗಸ್ಟಿನಲ್ಲಿ ನೀರಾವರಿ ಆಫೀಸಿನಿಂದ ನೋಟಿಸು ಬಂತು. ನಾಲ್ಕು ದಿನದ ಅಳತೆ ತಪ್ಪು, ಅಸಡ್ಡೆ ಮುಂದುವರಿದರೆ ಬೇರೆಯವರನ್ನು ಹಾಕಲಾಗುವುದು. ತಪ್ಪೆಂದು ಹೇಳಿದ್ದು ನೆರೆಯ ಲೆಕ್ಕ ಹಾಕುವ ಒಂದು ಸಾಫ್ಟ್‌ವೇರು. ವಿಜ್ಞಾನಿಗಳು ಸೇರಿ ಬರೆದದ್ದು. ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ಮೇಲೆ ಮಳೆಯಿಲ್ಲ, ಅಣೆಕಟ್ಟೆಯಿಂದ ನೀರು ಬಿಟ್ಟಿಲ್ಲ, ಆದರೂ ಕಪಿಲೆ ಏರಿದೆ ಎಂದರೆ ಓದಿದವರದೇ ತಪ್ಪು ಎಂದು ಅದರಲ್ಲಿ ಬರೆದಿಟ್ಟಿದ್ದರು.

ಇಂದ್ರಾಣಿಗೆ ಮೈ ಉರಿಯಿತು. ಕಾವೇರಿ ತುಂಬಿ ಬಂದರೆ ಮುಂದೆ ಹೋಗಲು ಜಾಗವಿಲ್ಲದೆ ಕಪಿಲೆ ಹಿಂದಕ್ಕೆ ಉಬ್ಬುತ್ತದೆ. ದಡದಲ್ಲಿ ಬೆಳೆದವರಿಗೆಲ್ಲ ಗೊತ್ತಿರುವ ವಿಷಯ.

ಮುಂದಿನ ತಿಂಗಳು ನಂಜನಗೂಡಿನಲ್ಲಿ ಆ ಸಾಫ್ಟ್‌ವೇರಿನವರ ಸಭೆ ನಡೆಯಿತು. ‘ಬನ್ನಿ, ಎಲ್ಲರೂ ಸೇರಿ ಕಟ್ಟೋಣ’ ಎಂದು ಬ್ಯಾನರು. ಇಂದ್ರಾಣಿ ಎದ್ದು ನಿಂತು ವಿಷಯ ಹೇಳಿದಳು. ಸಭೆ ನಡೆಸುತ್ತಿದ್ದ ಚಂದ್ರಶೇಖರ್ ನಕ್ಕರು.

"ನೀವು ಅಳತೆ ಕಳಿಸ್ತಾ ಇರಿ ಅಮ್ಮ, ಅದೇ ದೊಡ್ಡ ಸೇವೆ. ಪ್ರೋಗ್ರಾಮ್ ನಮಗೆ ಬಿಡಿ."

"ಎಲ್ಲರೂ ಅಂತ ಬರ್ದಿದೀರಲ್ಲ ಸಾ, ಆ ಎಲ್ಲರಲ್ಲಿ ನಾನಿಲ್ವಾ?"

"ದೂರಿದ್ದರೆ ಪ್ರಾಜೆಕ್ಟಿನ ವೆಬ್ ಪುಟದಲ್ಲಿ ಬರೀರಿ."

"ಬರೀತೀನಿ."

ಬರೆದಳು, ಕನ್ನಡದಲ್ಲೇ. ‘ಇಂಗ್ಲಿಷಿನಲ್ಲಿ ಬರೆಯಿರಿ’ ಎಂದು ಮರುದಿನವೇ ದೂರನ್ನು ಮುಚ್ಚಿದರು. ಕಂಬದ ಫೋಟೋ ಹಾಕಿ ಮತ್ತೆ ಬರೆದಳು. ಮತ್ತೆ ಮುಚ್ಚಿದರು. ಮೂರನೇ ಸಲ ಒಂದು ಸಾಲು ಸೇರಿಸಿದಳು: ‘ಉತ್ತರ ಕೊಡದೆ ಮುಚ್ಚಿದರೆ ನಾಳೆಯೂ ಬರೆಯುತ್ತೇನೆ.’

ಅವ್ವ ಮರಿತಾಯಮ್ಮ ಹೆದರಿದರು. "ಇರೋ ಕೆಲ್ಸಾನೂ ಓಗ್ಬುಟ್ರೆ ಏನ್ಮಾಡೀಯೆ?"

"ಓದ್ರೆ ಓಗ್ಲಿ ಕಣವ್ವ. ಸುಳ್ಳು ಬರೀತಾಳೆ ಅನ್ನಿಸ್ಕೊಂಡು ನಾನಿರಕ್ಕಿಲ್ಲ."

ಐದನೇ ದೂರಿನ ಕೆಳಗೆ ಕನ್ನಡದಲ್ಲಿ ಉತ್ತರ ಬಂತು. ಬರೆದವಳು ಗಾನವಿ, ನಂಜನಗೂಡಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಲೆಕ್ಚರರ್. ಸಭೆಯಲ್ಲಿ ಸುಮ್ಮನೆ ಕೂತಿದ್ದೆನಲ್ಲ ಎಂಬ ಸಂಕಟ ಅವಳಿಗೆ. ಭಾನುವಾರ ಬಸ್ಸು ಹತ್ತಿ ಬಂದೇಬಿಟ್ಟಳು.

"ನಿಮ್ಮ ಮಾತು ಸರಿ ಅಕ್ಕ. ಆದರೆ ನಾಲ್ಕು ದಿನದ ಲೆಕ್ಕ ಸಾಲದು, ಹಳೇದೂ ಬೇಕು."

ಇಂದ್ರಾಣಿ ಅಪ್ಪನ ನೋಟ್‌ಬುಕ್ಕುಗಳನ್ನು ತಂದಿಟ್ಟಳು. ಕಪಿಲೆ ಉಬ್ಬಿದಾಗಲೆಲ್ಲ ಪಂಪ್‌ಸೆಟ್ ಎತ್ತಿಡಬೇಕಾದ ಶಿವಮಲ್ಲಪ್ಪ ವರ್ಷಗಳನ್ನು ನೆನೆಸಿಕೊಂಡು ಹೇಳಿದ. ತೆಪ್ಪ ನಡೆಸುವ ಬಸವಣ್ಣನೂ ಊರಿನ ಇನ್ನೂ ಮೂವರೂ ಬಂದರು. ಅಂಬೇಡ್ಕರ್ ಭವನದಲ್ಲಿ ಒಂದೇ ಲ್ಯಾಪ್‌ಟಾಪಿನ ಮುಂದೆ ಭಾನುವಾರಗಳಂದು ಏಳು ಜನ ಕೂರತೊಡಗಿದರು. ಗಾನವಿ ತಾನೇ ಬರೆಯಲು ಹೊರಟರೆ ಇಂದ್ರಾಣಿ ತಡೆಯುತ್ತಿದ್ದಳು. "ಬರ್ದ್ಕೊಡಬ್ಯಾಡ ಕಣವ್ವ, ತೋರ್ಸು. ನಾನೇ ಬರೀತೀನಿ."

ಎರಡು ತಿಂಗಳಾಯಿತು. ತಿದ್ದುಪಡಿ ಒಂಬತ್ತೇ ಸಾಲು: ಅಳತೆ ತಪ್ಪೆನ್ನುವ ಮುಂಚೆ ಕಾವೇರಿಯ ಮಟ್ಟ ನೋಡು. ಜೊತೆಗೆ ಪರೀಕ್ಷೆಗೆಂದು, ಹಿಂದೆ ಕಪಿಲೆ ಉಬ್ಬಿದ್ದ ಹನ್ನೊಂದು ಸಲದ ಅಳತೆಗಳು. ಹನ್ನೊಂದರಲ್ಲೂ ಹೊಸ ಲೆಕ್ಕ ಸರಿ ಬಂತು.

ಕಳಿಸಿದ್ದನ್ನು ನೋಡಿ ಚಂದ್ರಶೇಖರ್ ಫೋನ್ ಮಾಡಿದರು. "ಚೆನ್ನಾಗಿದೆ. ಗಾನವಿ ಮೇಡಂ ಹೆಸರಲ್ಲಿ ಸೇರಿಸ್ತೀವಿ. ನಿಮಗೆಲ್ಲ ಕೊನೆಯಲ್ಲಿ ಕೃತಜ್ಞತೆ ಹೇಳ್ತೀವಿ."

"ಕೃತಜ್ಞತೆ ಬ್ಯಾಡ ಸಾ. ಮಾಡ್ದೋರ ಪಟ್ಟೀಲಿ ಏಳು ಹೆಸ್ರೂ ಹಾಕಿ. ಇಲ್ಲಾಂದ್ರೆ ನೀವು ಈಗ ಅಂದಿದ್ದನ್ನೂ ಆ ಪುಟದಲ್ಲೇ ಬರೀತೀನಿ. ಎಲ್ರೂ ಓದ್ಲಿ."

ವಾರ ಕಾದಳು, ಬರೆದಳು. ಕೆಳಗೆ ಗುರುತಿಲ್ಲದವರೆಲ್ಲ ಬಂದು ಕೇಳಿದರು, ಹೆಸರು ಹಾಕಲು ಏನು ಕಷ್ಟ? ಮೂರನೇ ದಿನ ಏಳು ಹೆಸರೂ ಕನ್ನಡ ಅಕ್ಷರದಲ್ಲೇ ಪಟ್ಟಿ ಸೇರಿದವು. ಯಾವ ಭಾಷೆಯಲ್ಲಾದರೂ ದೂರು ಬರೆಯಬಹುದೆಂಬ ನಿಯಮವೂ ಬಂತು. ನೋಟಿಸನ್ನು ವಾಪಸು ಪಡೆದದ್ದಾಗಿ ಬರೆದುಕೊಡುವವರೆಗೆ ಇಂದ್ರಾಣಿ ಆಫೀಸಿನ ಬೆಂಚು ಬಿಟ್ಟೇಳಲಿಲ್ಲ.

ಈಗ ದೂರುಗಳನ್ನು ನೋಡಿಕೊಳ್ಳುವವರಲ್ಲಿ ಅವಳೂ ಒಬ್ಬಳು. ಮೊನ್ನೆ ಒಡಿಯಾದಲ್ಲಿ ಒಂದು ದೂರು ಬಂದಿತ್ತು. ಯಾರಿಗೂ ಓದಲು ಬರುವುದಿಲ್ಲ, ಮುಚ್ಚೋಣವೇ ಎಂದು ಮೀಟಿಂಗಿನಲ್ಲಿ ಯಾರೋ ಕೇಳಿದರು.

"ಮುಚ್ಚೋ ಮಾತೇ ಇಲ್ಲ" ಎಂದಳು ಇಂದ್ರಾಣಿ. "ಓದೋರನ್ನ ಉಡುಕಿ. ಸಿಗೋ ಗಂಟ ತೆರ್ದೇ ಇರ್ಲಿ."