ತೊಳೆಯಬಾರದಿದ್ದ ಕೊಳವೆ

ಪ್ರಯೋಗಾಲಯದಲ್ಲಿ ಎಲ್ಲರೂ ಕುಲುಮೆ ನೋಡಿಕೊಳ್ಳುವ ಸಹಾಯಕರನ್ನು ಫರ್ನೇಸ್ ಅಂಕಲ್ ಎನ್ನುತ್ತಿದ್ದರು. ಪ್ರೊಫೆಸರರು ಮಾತ್ರ ದೊಡ್ಡ ಮನುಷ್ಯರು. ಅಷ್ಟುದ್ದ ಕರೆಯಲು ಪುರುಸೊತ್ತಿಲ್ಲದೆ "ಇವ್ರೇ" ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಅಂಕಲ್ ಸತುವಿನ ಪುಡಿಯನ್ನು ಕುಲುಮೆಯ ಕೊಳವೆಯಲ್ಲಿಟ್ಟು ಕಾಯಿಸಿದರು. ಅದರ ಹಬೆ ಗಾಳಿಯೊಂದಿಗೆ ಬೆರೆತು ಆಕ್ಸೈಡ್ ಆಗಿ, ಸಿಲಿಕಾನ್ ಬಿಲ್ಲೆಯ ಮೇಲೆ ಕೂದಲಿಗಿಂತ ಸಾವಿರ ಪಟ್ಟು ತೆಳುವಾದ ಎಳೆಗಳಾಗಿ ಬೆಳೆಯುತ್ತಿತ್ತು. ಬೆಳೆಸಿದ್ದು ಅಂಕಲ್; ನಲವತ್ತೊಂದು ಪ್ರಬಂಧ ಬರೆದು ಹೆಸರು ಮಾಡಿದವರು ಉಳಿದವರು. ಕೊನೆಯ ಪುಟದ ಕೃತಜ್ಞತೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಸಲ್ಲುತ್ತಿತ್ತು. ಪಾಪ, ಅದೂ ದುಡಿದಿತ್ತಲ್ಲ!

ತಿಂಗಳ ಕೊನೆಗೆ ನಿವೃತ್ತಿ. ಒಂದೇ ಒಂದು ಪ್ರಬಂಧದಲ್ಲಿ ತನ್ನ ಹೆಸರು ನೋಡಬೇಕೆಂಬ ಆಸೆ ಅಂಕಲ್‌ಗೆ. ಹೆಂಡತಿಯ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಅವರು ಒಂದು ವಾರ ರಜೆ ಹಾಕಿದ್ದೇ ತಡ, ಹೊಸ ಸಂಶೋಧಕಿಗೆ ಶುಚಿತ್ವ ಉಕ್ಕಿಬಂತು. ಕೊಳವೆಗೆ ಆಮ್ಲ ಹಾಕಿ ಲಕಲಕ ಹೊಳೆಯುವಂತೆ ತೊಳೆದಳು. ಆಮೇಲೆ ಒಂದೇ ಒಂದು ಎಳೆ ಬೆಳೆದಿದ್ದರೆ ಕೇಳಿ! ಸೂಕ್ಷ್ಮದರ್ಶಕದಲ್ಲಿ ಬಿಲ್ಲೆ ಪ್ರೊಫೆಸರರ ತಲೆಯಂತೆ ನುಣ್ಣಗಿತ್ತು.

"ಇವ್ರೇ, ಏನಾದ್ರೂ ಮಾಡಿ. ಪ್ರಬಂಧ ಕಳಿಸೋಕೆ ಹತ್ತೇ ದಿನ ಇರೋದು," ಎಂದು ರಜೆ ಮುಗಿಸಿ ಬಂದ ಅಂಕಲ್ ಮುಂದೆ ಪ್ರೊಫೆಸರರು ಅಂಗಲಾಚಿದರು.

"ತೊಳೆದ್ಬಿಟ್ಯೇನಮ್ಮಾ?" ಅಂಕಲ್ ಹಣೆ ಚಚ್ಚಿಕೊಂಡರು. "ಒಳಗೋಡೆಗೆ ಅಂಟಿದ್ದ ಹಳೇ ಸತುವಿನಿಂದಾನೇ ಎಳೆ ಬೆಳೀತಿದ್ದಿದ್ದು. ನಾನು ಒರೆಸ್ತಾನೂ ಇರ್ಲಿಲ್ಲ."

"ಗಲೀಜು ಅಂದ್ಕೊಂಡೆ ಅಂಕಲ್..."

ಮೂರು ದಿನ ಬಿಲ್ಲೆಯಿಡದೆ ಬರೀ ಸತುವನ್ನೇ ಸುಟ್ಟು, ಕೊಳವೆಗೆ ಮತ್ತೆ ಬಿಳಿ ಲೇಪ ಹಿಡಿಸಿದರು. ನಾಲ್ಕನೆಯ ದಿನ ಬಿಲ್ಲೆಯ ಮೇಲೆ ಎಳೆಗಳ ಕಾಡೇ ಎದ್ದಿತ್ತು. ಎಕ್ಸ್‌ರೇ ಪರೀಕ್ಷೆಯೂ ಅದು ಅಪ್ಪಟ ಸತುವಿನ ಆಕ್ಸೈಡೇ ಎಂದಿತು. ಪ್ರೊಫೆಸರರು ಕೂಡಲೇ 'ಕೊಳವೆಯ ಪೂರ್ವಲೇಪನ: ಒಂದು ನೂತನ ವಿಧಾನ' ಎಂದು ತಲೆಬರಹ ಕೊಟ್ಟರು. ಗಲೀಜಿಗೂ ಯೋಗ ಕೂಡಿಬರಬೇಕು ನೋಡಿ.

ಕೆಲಸದ ಕಡೆಯ ದಿನ ಸಂಶೋಧಕಿ ಪ್ರಬಂಧದ ಪ್ರತಿ ತಂದುಕೊಟ್ಟಳು. "ಹಠ ಹಿಡಿದು ನಿಮ್ಮನ್ನೂ ಸೇರಿಸ್ದೆ ಅಂಕಲ್."

ಅಂಕಲ್ ಅದನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡರು. ಅಲ್ಲಿ ತೆರೆಯಲಿಲ್ಲ. ಮನೆಗೆ ಹೋಗಿ, ಕನ್ನಡಕ ಒರೆಸಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೊನೆಯ ಪುಟ ತಿರುವಿದರು. ಸೂಕ್ಷ್ಮದರ್ಶಕದ ಕೆಳಗಿನ ಸಾಲಿನಲ್ಲಿತ್ತು: 'ನೆರವಿಗಾಗಿ ಫರ್ನೇಸ್ ಅಂಕಲ್ ಅವರಿಗೂ ಕೃತಜ್ಞತೆಗಳು.'

ಹೆಂಡತಿ ಎರಡು ಸಲ ಓದಿದಳು.

"ಹತ್ತೊಂಬತ್ತು ವರ್ಷದಲ್ಲಿ ಒಬ್ರೂ ನಿಮ್ಮ ಹೆಸರೇನು ಅಂತ ಕೇಳ್ಲಿಲ್ವೇನ್ರೀ?"