ಜೇಬಿನಲ್ಲಿದ್ದ ಎರಡನೆಯ ಕನ್ನಡಕ

ಇವತ್ತು ಬೆಳಿಗ್ಗೆ ನನ್ನ ಕನ್ನಡಕದ ಮೇಲೆ ನಾನೇ ಕೂತೆ. ಹೆಂಡತಿ ಬೀರು ತಡಕಾಡಿ ಕಂದು ಬಣ್ಣದ ಹಳೆಯ ಡಬ್ಬಿಯೊಂದನ್ನು ಕೈಗಿಟ್ಟು, "ಸದ್ಯಕ್ಕ ಇದನ್ನ ಹಾಕ್ಕಳ್ರಿ" ಎಂದಳು. ಡಬ್ಬಿ ಕಂಡದ್ದೇ ತಡ, ಒಳಗೆ ಹಳೆಯ ಕಿಚ್ಚು ಹೊತ್ತಿಕೊಂಡಿತು. ಹೊಟ್ಟೆಕಿಚ್ಚಿಗೆ ವಯಸ್ಸಾಗುವುದಿಲ್ಲ, ನೋಡಿ. ಮಂಡಿನೋವು ಬಂದದ್ದು ನನಗೆ ಮಾತ್ರ.

ಸಿರುಗುಪ್ಪದ ದೊಡ್ಡಪ್ಪನ ಮಗ ಶರಣನಿಗೂ ನನಗೂ ಒಂದೇ ಹುಚ್ಚು, ವಿಮಾನ ಓಡಿಸುವುದು. ಅರವತ್ತರ ದಶಕದ ಬೇಸಿಗೆ ರಜೆಗಳಲ್ಲಿ ಅವರ ಮಾಳಿಗೆಯ ಮೇಲೆ ಅಂಗಾತ ಮಲಗಿ ಆಕಾಶ ಕಾಯುತ್ತಿದ್ದೆವು. ಸದ್ದು ಮೊದಲು ಕೇಳುತ್ತಿದ್ದುದು ನನಗೆ, ವಿಮಾನ ಕಾಣುತ್ತಿದ್ದುದು ಅವನಿಗೆ. ಯಾಕೆಂದು ಗೊತ್ತಾದದ್ದು ಬಳ್ಳಾರಿಯ ಶಾಲೆಯಲ್ಲಿ ಕರಿಹಲಗೆ ಮಸುಕಾದಾಗ. ಅಲ್ಲಿನ ಗಾಂಧಿನಗರದ ಅಂಗಡಿಯಿಂದ ನನಗೆ ಕನ್ನಡಕ ಬಂತು. ದೊಡ್ಡಪ್ಪ ಮುಖ ನೋಡಿದವರೇ ತೀರ್ಪು ಕೊಟ್ಟರು: "ಕನ್ನಡಕದಾವ್ರ ಕೈಯಾಗ ಇಮಾನ ಕೊಡಂಗಿಲ್ಲಪಾ. ನೀ ಬ್ಯಾಂಕಿಗೆ ಹೋಗು."

ವಿಮಾನವನ್ನು ಹತ್ತಿರದಿಂದ ಕಂಡೇ ಇರದ ದೊಡ್ಡಪ್ಪನ ಮಾತನ್ನು ಮನೆಮಂದಿಯೆಲ್ಲ ಸರಕಾರದ ಆದೇಶವೆಂದೇ ನಂಬಿದೆವು. "ಕಣ್ಣು ಚುರುಕಾಗ್ತಾವ, ಉಣ್ಣು" ಎಂದು ಅವ್ವ ವರ್ಷಗಟ್ಟಲೆ ಹೊನಗೊನ್ನೆ ಸೊಪ್ಪಿನ ಪಲ್ಯ ಬಡಿಸಿದಳು. ನಾನು ಬ್ಯಾಂಕು ಸೇರಿದೆ, ಶರಣ ಪೈಲಟ್ ಆದ. ಸುದ್ದಿ ಬಂದ ದಿನ ಎಲ್ಲರೂ ಪೇಡೆ ತಿಂದರು, ನಾನು ಹಲ್ಲುನೋವೆಂದೆ. ಆಮೇಲೆ ಅವನು ಊರಿಗೆ ಬಂದಾಗಲೆಲ್ಲ ನನಗೆ ಬ್ಯಾಂಕಿನಲ್ಲಿ ವಿಪರೀತ ಕೆಲಸ ಇರುತ್ತಿತ್ತು.

ಎಂಬತ್ತರ ದಶಕದಲ್ಲಿ ಕುರುಗೋಡಿನಲ್ಲಿ ಅವನ ತಂಗಿಯ ಮದುವೆ. ತಪ್ಪಿಸಿಕೊಳ್ಳಲಾಗಲಿಲ್ಲ. ಊಟಕ್ಕೆ ಪಕ್ಕದಲ್ಲೇ ಕೂತ ಶರಣನ ಮೂಗಿನ ಮೇಲೆ ಕನ್ನಡಕ! ನನಗಾದ ಖುಷಿಗೆ ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

"ಕೆಲಸ ಹೋತೇನೋ?" ಎಂದೆ, ಮರುಕದ ದನಿ ತಂದುಕೊಂಡು.

"ಯಾಕ ಹೋಗತೈತಿ? ಇದು ಕಾಲೇಜಿನಾಗಿಂದ ಐತಿ. ಅಪ್ಪನ ಎದುರಿಗಷ್ಟ ತಗೀತಿದ್ದೆ. ಹಾಕ್ಕೊಂಡಾಗ ನೆಟ್ಟಗ ಕಂಡ್ರ ಸಾಕಲೇ. ಹಾರುವಾಗ ಇನ್ನೊಂದು ಜೋಡಿ ಜೇಬಿನಾಗಿರಬೇಕು, ಅದೊಂದು ಕಾಯ್ದೆ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ನೀ ಎಲ್ಲಿ ಕೇಳಿದಿ? ನಾ ಬಂದಾಗ ಮನ್ಯಾಗರ ಇರ್ತಿದ್ದೇನು?"

ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೇ ಹಾಕಿದೆ. ಅವನು ಜೇಬಿನಿಂದ ಕಂದು ಡಬ್ಬಿ ತೆಗೆದು ಆ ಎರಡನೆಯ ಜೋಡಿ ಕೊಟ್ಟ. ಹಾಕಿ ನೋಡಿದೆ. ಚಪ್ಪರದ ಆ ತುದಿಯ ತೋರಣದ ಎಲೆಗಳು ಒಂದೊಂದೂ ನಿಚ್ಚಳವಾಗಿ ಕಂಡವು. ನನ್ನದೇ ನಂಬರು.

"ಇಟ್ಕೋ," ಎಂದ ಶರಣ, "ನಾ ಬ್ಯಾರೆ ಮಾಡಿಸ್ತೀನಿ. ಇಷ್ಟು ವರ್ಷದಾಗ ಒಮ್ಮೆನೂ ಇದನ್ನ ಹಾಕೋ ಪ್ರಸಂಗ ಬಂದಿಲ್ಲ."

ತಂದವನು ಬೀರುವಿನ ಮೂಲೆಗೆ ತಳ್ಳಿದ್ದೆ. ಇಂದು ಹಾಕಿಕೊಂಡರೆ ನಂಬರು ಬದಲಾಗಿ, ಎದುರಿಗಿದ್ದ ಹೆಂಡತಿಯೇ ಮಂಜುಮಂಜು. ತೆಗೆದು ಕೈಯಲ್ಲಿ ಹಿಡಿದು ಕೂತೆ. ಈ ಕನ್ನಡಕ ಮೋಡ ನೋಡಲಿಲ್ಲ, ಹೊಳೆ ನೋಡಲಿಲ್ಲ, ಡಬ್ಬಿಯೊಳಗೇ ಆಯುಷ್ಯ ಕಳೆಯಿತು. ಪಾಪ, ನನ್ನ ಹಾಗೆಯೇ ಎಂದುಕೊಂಡೆ. ಮರುಗಳಿಗೆ ಹೊಳೆಯಿತು, ನನ್ನ ಹಾಗಲ್ಲ. ಕತ್ತಲ ಜೇಬಿನಲ್ಲೇ ಆದರೂ ಅದು ಹಾರಿತ್ತು.

ಶರಣನ ಮೇಲಿನ ಹೊಟ್ಟೆಕಿಚ್ಚು ಅಲ್ಲಿಗೆ ಆರಿತು. ಈಗ ಈ ಕನ್ನಡಕದ ಮೇಲೆ ಶುರುವಾಗಿದೆ.